ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಏರುತ್ತದೆ

ಮೂಡಿಗೆರೆ ಕಡೆಯ ನಾಲ್ಕು ಮಳೆಗಾಲ ಕುಡಿದ ಹಳೇ ಬೈಕುಗಳಿಗೆ ಒಂದು ಪವಾಡಶಕ್ತಿ ಬರುತ್ತದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮೀಟರಿನ ಮುಳ್ಳೂ ಜೊತೆಗೇ ತಾಳ ಹಾಕುತ್ತದೆ. ಬ್ರೇಕ್ ಒತ್ತಿದರೆ ಅರ್ಧ ಟ್ಯಾಂಕು, ಬಿಟ್ಟರೆ ಖಾಲಿ.

ಇದಕ್ಕೆ ಊರಿನ ತೀರ್ಪು ಒಂದೇ: "ಬ್ಯಾಟರಿ ಹೋಗಿದೆ ಸಾ, ಹೊಸದು ಹಾಕ್ಸಿ." ಹಾಕಿಸಿದ ಮೇಲೂ ಮುಳ್ಳು ಕುಣಿಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ತಪ್ಪು ಅರ್ಥ್ ವೈರಿನದು. ಲೈಟು, ಮೀಟರು ಎಲ್ಲದರ ಕರೆಂಟೂ ವಾಪಸ್ ಹೋಗುವುದು ಅದೇ ದಾರಿಯಲ್ಲಿ. ಅದು ಫ್ರೇಮಿಗೆ ಕೂರುವ ಬೋಲ್ಟಿನಡಿ ತುಕ್ಕು ಹಿಡಿದಿದ್ದರೆ, ಅಥವಾ ಯಾರೋ ಪುಣ್ಯಾತ್ಮರು ಅಲ್ಲೂ ಪೇಂಟ್ ಹೊಡೆಸಿದ್ದರೆ, ಕರೆಂಟು ಅಡ್ಡದಾರಿ ಹಿಡಿದು ಮೀಟರಿಗೆ ನುಗ್ಗುತ್ತದೆ. ಬೋಲ್ಟ್ ಬಿಚ್ಚಿ, ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಆಮೇಲೆ ಬ್ರೇಕ್ ಲೈಟ್ ಹೊತ್ತಿಸಿ, ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಆ ಲೈಟಿನ ಅರ್ಥ್‌ಗೆ ಇಡಿ. 0.2 ವೋಲ್ಟ್ ಮೀರಿದರೆ ಉಜ್ಜಿದ್ದು ಸಾಲದು.

ಇನ್ನು ಚಾರ್ಜಿಂಗು. ರಾತ್ರಿಯಿಡೀ ನಿಂತ 12 ವೋಲ್ಟಿನ ಬ್ಯಾಟರಿ 12.6ರ ಆಸುಪಾಸು ತೋರಿಸಿದರೆ ಹೊಟ್ಟೆ ತುಂಬಿದೆ. 12ಕ್ಕಿಂತ ಇಳಿದರೆ ಹಸಿದಿದೆ, ಸತ್ತೇಹೋಗಿದೆ ಅಂತೇನಲ್ಲ. ಇಂಜಿನ್ ಚಾಲೂ ಮಾಡಿ ರೇಸ್ ಏರಿಸಿದರೆ 13.8ರಿಂದ 14.5 ಬರಬೇಕು. 13 ದಾಟದಿದ್ದರೆ ಊಟ ಬರುತ್ತಿಲ್ಲ. 15 ದಾಟಿದರೆ ಚಾರ್ಜಿಂಗ್ ವೋಲ್ಟನ್ನು ಹದ್ದಿನಲ್ಲಿಡುವ ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್ ಕೈಕೊಟ್ಟಿದೆ: ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಒಂದೊಂದಾಗಿ ಪ್ರಾಣ ಬಿಡುತ್ತವೆ.

ಊಟ ಬರದಿದ್ದಾಗ, ಇಂಜಿನ್ನಿನೊಳಗೆ ಕರೆಂಟು ಹುಟ್ಟಿಸುವ ಕಾಯಿಲ್ ಬಿಚ್ಚಿಸುವ ಮೊದಲು ಅದರ ವೈರುಗಳ ಕಪ್ಲರ್ (ಕಳಚಿ ಜೋಡಿಸುವ ಪ್ಲಗ್) ನೋಡಿ. ತ್ರೀ-ಫೇಸ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮೂರು ಹಳದಿ ವೈರು ಬಂದು ಸೇರುವ ಜಾಗ. ಬಿಳಿ ಪ್ಲಾಸ್ಟಿಕ್ಕು ಕಂದಾಗಿ, ಒಂದು ಪಿನ್ನಿನ ಸುತ್ತ ಕರಗಿ ಕೂತಿದ್ದರೆ ಕಳ್ಳ ಸಿಕ್ಕಿದ. ಅದು ಸರಿಯಿದ್ದರೆ ಕಪ್ಲರ್ ಕಳಚಿ, ಮಲ್ಟಿಮೀಟರನ್ನು ಏಸಿ ವೋಲ್ಟಿಗೆ ತಿರುಗಿಸಿ, ಇಂಜಿನ್ ಓಡುತ್ತಿರುವಾಗ ಕಾಯಿಲ್ ಕಡೆಯ ವೈರುಗಳನ್ನು ಎರಡೆರಡಾಗಿ ಅಳೆಯಿರಿ. ಮೂರೂ ಜೋಡಿ ಹೆಚ್ಚುಕಮ್ಮಿ ಸಮ ಇರಬೇಕು. ಯಾವುದಾದರೂ ಹಿಂದೆ ಬಿದ್ದರೆ ಕಾಯಿಲ್ ಸುಟ್ಟಿದೆ. ಇಂಜಿನ್ ಆಫ್ ಮಾಡಿ, ಮಲ್ಟಿಮೀಟರನ್ನು ಬೀಪ್ (ಕಂಟಿನ್ಯುಯಿಟಿ) ಗುರುತಿಗೆ ತಿರುಗಿಸಿ, ಕಡ್ಡಿಗಳನ್ನು ಹಳದಿ ವೈರಿಗೂ ಇಂಜಿನ್ ಮೈಗೂ ಇಟ್ಟು ನೋಡಿ. ಕೂಗಿದರೆ ಶಾರ್ಟ್.

ಚಾರ್ಮಾಡಿಯ ಮಂಜಿಗೆಂದು 55 ವಾಟಿನ ಎರಡು ಫಾಗ್ ಲೈಟ್ ಹಾಕಿಸಿಕೊಂಡವರಿಗೆ ಈ ತನಿಖೆಯೇ ಬೇಡ. 9 ಆಂಪಿಯರ್ ಅಲ್ಲೇ ಹೋಯಿತು; ಹಳೇ ಕಾಯಿಲ್ ಎಲ್ಲಿಂದ ತಂದೀತು?

ಹಳೇ ಬುಲೆಟ್ಟಿನವರದು ಬೇರೆ ಪಾಡು. ಹೆಡ್‌ಲೈಟಿನ ಮೇಲಿನ ಆಮೀಟರ್ (ಕರೆಂಟು ತೋರಿಸುವ ಮುಳ್ಳಿನ ಮೀಟರು) ಬರೀ ಅಲಂಕಾರವಲ್ಲ, ಬ್ಯಾಟರಿಯ ಕರೆಂಟು ಅದರೊಳಗೇ ಹಾದುಹೋಗುತ್ತದೆ. ಹಿಂದಿನ ಪುಟ್ಟ ನಟ್ಟು ಸಡಿಲಾದರೆ ಹಾರ್ನು, ಲೈಟು, ಎಲ್ಲಕ್ಕೂ ಒಟ್ಟಿಗೇ ರಜೆ. ದಾರಿ ಮಧ್ಯೆ ಹೀಗಾದರೆ ಅದರ ಎರಡೂ ವೈರುಗಳನ್ನು ಒಂದೇ ಬೋಲ್ಟಿಗೆ ಸೇರಿಸಿ ಮನೆ ಮುಟ್ಟಬಹುದು. ಮುಳ್ಳು ಮಾತ್ರ ಮಲಗಿರುತ್ತದೆ.

ಅರ್ಥ್ ಉಜ್ಜಿಯೂ ಪೆಟ್ರೋಲ್ ಮೀಟರ್ ಸುಳ್ಳು ಹೇಳುತ್ತಿದ್ದರೆ ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುತ್ತಾ ಮಟ್ಟ ಹೇಳುವ ಫ್ಲೋಟ್ ಹೊರಗೆ ಬರಲೇಬೇಕು. ಓಮ್‌ಗೆ ಇಟ್ಟ ಮಲ್ಟಿಮೀಟರಿನ ಕಡ್ಡಿಗಳನ್ನು ಅದರ ವೈರುಗಳಿಗೆ ಹಿಡಿದು, ಫ್ಲೋಟನ್ನು ಕೈಯಲ್ಲಿ ಮೆಲ್ಲಗೆ ಎತ್ತಿ ಇಳಿಸಿ. ಅಂಕಿ ನಿಧಾನವಾಗಿ ಜಾರಬೇಕು. ನಡುವೆ ಜಿಗಿದರೆ ಒಳಗಿನ ಪಟ್ಟಿ ಸವೆದಿದೆ, ಯೂನಿಟ್ ಬದಲಿಸಿ, ರಬ್ಬರ್ ಪ್ಯಾಕಿಂಗೂ ಹೊಸದೇ ಹಾಕಿ. ಬಿಚ್ಚುವ ಮೊದಲು ಪೆಟ್ರೋಲನ್ನೂ, ಬೀಡಿ ಹಚ್ಚಿಕೊಂಡು ಸಲಹೆ ಕೊಡಲು ಬಗ್ಗಿದವರನ್ನೂ ಪೂರ್ತಿ ಖಾಲಿ ಮಾಡಿಸಿ.