ಗುಳ್ಳೆ ಬಂತಾ ಭಾವ?

ಇವತ್ತು ಬೆಳಗಿನ ಜಾವ ಮೂರೂವರೆಗೆ ಫೋನ್. ಆ ಹೊತ್ತಿಗೆ ಫೋನ್ ಬಂದರೆ ನಮ್ಮ ಕಡೆ ಯಾರೂ ಹಲೋ ಅನ್ನುವುದಿಲ್ಲ, "ಯಾರು ಹೋದದ್ದು?" ಅಂತಲೇ ಕೇಳುವುದು. ಯಾರೂ ಹೋಗಿರಲಿಲ್ಲ. ಮೆಲ್ಬರ್ನಿನಲ್ಲಿರುವ ಭಾವ ಮನೆಯಲ್ಲೇ ಬಾಲ್ದಿಯಲ್ಲಿ ಮಾಡಲು ಇಟ್ಟ ಬಿಯರಿಗೆ ಇನ್ನೂ ಹುದುಗು ಬಂದಿರಲಿಲ್ಲ, ಅಷ್ಟೆ.

ಅಲ್ಲಿ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅವನಿಗೆ ಎಂಟು ಗಂಟೆ, ಕಾಫಿ ಆಗಿದೆ. ಕಾಸರಗೋಡು ಕಡೆಯ ನಮ್ಮ ಬದಿಯಡ್ಕದ ಈ ಮೂಲೆಯಲ್ಲಿ ನೆಟ್‌ವರ್ಕ್ ಬೇಕಾದರೆ ಜಗಲಿಯ ತುದಿಗೆ ಹೋಗಿ ನಿಲ್ಲಬೇಕು. ಹೊರಗೆ ಆಟಿ ತಿಂಗಳ ಮಳೆ. ಅರ್ಧ ಮೈ ಒದ್ದೆ ಮಾಡಿಕೊಂಡು ನಾನು ವಿಡಿಯೊದಲ್ಲಿ ನೋಡಿದ್ದು ಒಂದು ಬಾಲ್ದಿ.

ಬಾಲ್ದಿಯ ಮುಚ್ಚಳದಲ್ಲಿ ಒಂದು ಪ್ಲಾಸ್ಟಿಕ್ ನಳಿಗೆ. ನಳಿಗೆಯಲ್ಲಿ ಒಂದು ಚಮಚ ನೀರು. ಒಳಗೆ ಯೀಸ್ಟ್ ಕೆಲಸ ಶುರು ಮಾಡಿದರೆ ಗ್ಯಾಸು ಆ ನೀರಿನಿಂದ ಬುಳುಕ್ ಅಂತ ಹೊರಗೆ ಬರಬೇಕು.

"ನೋಡು ಭಾವ."

ನೋಡಿದೆ. ನಾನು ಮಾತಾಡಲಿಲ್ಲ, ಅವನೂ ಮಾತಾಡಲಿಲ್ಲ, ನಳಿಗೆಯಂತೂ ಮಾತಾಡಲೇ ಇಲ್ಲ. ಎರಡು ನಿಮಿಷ ಆಯ್ತು. "ಈಗ ಒಂಚೂರು ಅಲ್ಲಾಡಿತಲ್ವಾ?" ಅಂದ. ಅಲ್ಲಾಡಿದ್ದು ಅವನ ಕೈ.

ಇದು ಎರಡು ದಿನದಲ್ಲಿ ಒಂಬತ್ತನೇ ದರ್ಶನ. ಮೊದಲ ಸಲ ಟಾರ್ಚ್ ಹಿಡಿದು ತೋರಿಸಿದ. ಮೂರನೇ ಸಲ ಬಾಲ್ದಿಗೆ ಫೋನ್ ಒತ್ತಿ "ಶಬ್ದ ಕೇಳ್ತದಾ?" ಅಂದ. ಕೇಳಿತು, ಅವನ ಫ್ರಿಜ್ಜಿನದ್ದು. ಐದನೆಯದಕ್ಕೆ ನಾನು ಸುಮ್ನೆ ಅಡಿಕೆಗೆ ಮದ್ದು ಬಿಡುವವರು ಬಂದಿದ್ದಾರೆ ಅಂತ ಸುಳ್ಳು ಹೇಳಿದೆ. ಹಾಗಾದರೆ ಫೋನನ್ನು ಎಲ್ಲಾದರೂ ಒರಗಿಸಿ ಇಡು, ಗುಳ್ಳೆ ಬಂದರೆ ನೀನೂ ನೋಡಿದ ಹಾಗಾಗ್ತದೆ ಅಂದ.

ಅಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಇಲ್ಲಿ ಮಾಡಿದರೆ ಅಬಕಾರಿಯವರು ಮನೆಗೇ ಬಂದಾರು. ಆದರೆ ಅಲ್ಲಿ ಈಗ ಚಳಿಗಾಲ. ಅವನು ಹಾಕಿದ ಜಾತಿಯ ಯೀಸ್ಟಿಗೆ 18ರಿಂದ 22 ಡಿಗ್ರಿ ಬೇಕು. ಇವನು 23 ಲೀಟರ್ ಬಾಲ್ದಿಯನ್ನು ಕಾರ್ ಶೆಡ್ಡಿನಲ್ಲಿಟ್ಟು ಒಂದೇ ಪ್ಯಾಕೆಟ್ ಯೀಸ್ಟ್ ಉದುರಿಸಿದ್ದ. ಆಮೇಲೆ ಒಳಗೆ ತಂದು ಕಂಬಳಿ ಹೊದಿಸಿದನಂತೆ. ಎರಡು ಮೂರು ದಿನ ತಡವಾಗುವುದೂ ಉಂಟು, ಸುಮ್ಮನಿರಬೇಕು ಅಂತ ಅವನಿಗೂ ಗೊತ್ತು. ಗೊತ್ತಿದ್ದವನು ಸುಮ್ಮನಿರಬೇಕಲ್ಲ! ನಮ್ಮ ತೆಂಗಿನ ಕಳಿ, ಅಂದರೆ ಕಳ್ಳು, ನೋಡಿ, ಯಾರೂ ಏನೂ ಹಾಕದೆ ಮರದ ಮೇಲಿನ ಮಡಕೆಯಲ್ಲೇ ನೊರೆ ಏಳ್ತದೆ. ಅದಕ್ಕೆ ಯಾರೂ ಫೋನ್ ಮಾಡುವುದಿಲ್ಲ.

ಇನ್ನೊಂದು ಸಂಕಟ. ನಮ್ಮ ಅಡುಗೆಮನೆಯಲ್ಲೂ ಇದೇ ಕತೆ. ಅಮ್ಮ ನಿನ್ನೆ ಸಂಜೆ ಕಡೆದಿಟ್ಟ ಇಡ್ಲಿ ಹಿಟ್ಟು ಇಟ್ಟಲ್ಲೇ ಇತ್ತು, ಒಂದು ಬೆರಳೂ ಏರಿರಲಿಲ್ಲ. ನನ್ನ ಒಂದೇ ಒಂದು ಸ್ವೆಟರನ್ನು ಪಾತ್ರೆ ತೊಟ್ಟುಕೊಂಡಿತ್ತು, ನಾನು ನಡುಗುತ್ತಿದ್ದೆ. ಮುಚ್ಚಳ ತೆಗೆಯಲು ಯಾರಿಗೂ ಅಪ್ಪಣೆ ಇಲ್ಲ. ಇಣುಕಿದರೆ ಹಿಟ್ಟಿಗೆ ನಾಚಿಕೆ ಅಂತೆ.

ಮೊದಲೆಲ್ಲ ಬಚ್ಚಲಿನ ಹಂಡೆಯ ಪಕ್ಕ ಹಿಟ್ಟಿನ ಪಾತ್ರೆಗೆ ಒಂದು ಜಾಗ ಇತ್ತು. ಅಪ್ಪ ರಾತ್ರಿ ಮಲಗುವ ಮೊದಲು ಒಂದು ಕೊದಂಟಿ ಒಲೆಗೆ ನೂಕಿ ಬರುತ್ತಿದ್ದರು. ಬೆಳಿಗ್ಗೆ ನೋಡಿದರೆ ಒಂದು ಬದಿಗೆ ಬೆಕ್ಕು, ಇನ್ನೊಂದು ಬದಿಗೆ ಉಕ್ಕಿ ಚೆಲ್ಲಿದ ಹಿಟ್ಟು. ಈಗ ಮಾಡಿನ ಮೇಲೆ ಸೋಲಾರ್ ಉಂಟು. ಈ ಮಳೆಗೆ ಅದರಲ್ಲಿ ಬರುವುದೂ ಬಾವಿಯ ನೀರೇ. ಇಡೀ ಮನೆಯಲ್ಲಿ ಬೆಕ್ಕಿಗೆ ಮಲಗಲಿಕ್ಕೆ ಒಂದು ಬೆಚ್ಚಗಿನ ಮೂಲೆ ಇಲ್ಲ.

ನನ್ನ ಮಾತು ಕೇಳಿ ಅಮ್ಮ ಎದ್ದು ಬಂದರು. ಅವರಿಗೆ ನಾವು ಹೇಳಿದ್ದು ಬಾರ್ಲಿ ನೀರು ಅಂತ. ಸುಳ್ಳೇನೂ ಅಲ್ಲ. ಫೋನ್ ಇಸಕೊಂಡು ಕನ್ನಡಕವಿಲ್ಲದೆಯೇ ನೋಡಿದರು.

"ಮುಚ್ಚಳ ಸರಿ ಕೂತಿದಾ? ಕುಕ್ಕರ್ ವಿಸಿಲ್ ಹಾಕದಿದ್ದರೆ ನಾನು ಮೊದಲು ಗ್ಯಾಸ್ಕೆಟ್ ನೋಡುವುದು."

"ಹಾಗಲ್ಲ ಅತ್ತೆ, ಇದು ಬೇರೆ," ಅಂದ ಭಾವ. ಆಮೇಲೆ ಮುಚ್ಚಳ ತಿರುಗಿಸಿದ ಶಬ್ದ ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಒಳಗಿನ ರಬ್ಬರ್ ಒಂದು ಕಡೆ ಮಡಚಿತ್ತು. ನೊರೆ ನಾಲ್ಕು ಬೆರಳು ನಿಂತಿತ್ತು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿ ನೋಡಿದರೆ ಮೊದಲ ದಿನ 1.045 ಇದ್ದದ್ದು 1.030ಕ್ಕೆ ಇಳಿದಿತ್ತು. ಯೀಸ್ಟ್ ಸಕ್ಕರೆ ತಿಂದುಕೊಂಡು ತನ್ನಷ್ಟಕ್ಕೆ ಇತ್ತು. ಗ್ಯಾಸು ಸಂದಿಯಲ್ಲಿ ಹೋಗುತ್ತಿತ್ತು. ನಾನು ಮಾತ್ರ ಎರಡು ದಿನ ನಳಿಗೆ ನೋಡಿಕೊಂಡಿದ್ದೆ.

ನಮ್ಮ ಹಿಟ್ಟಿಗೆ ಆ ಅದೃಷ್ಟವಿಲ್ಲ. ಬೆಳಿಗ್ಗೆ ಅದನ್ನೇ ದೋಸೆ ಮಾಡಿದೆವು. ತಿನ್ನುವಾಗ ಅಮ್ಮ ಮೆಲ್ಲ ಹೇಳಿದರು:

"ಬೇಳ ಊರಿನ ಬಾಯಮ್ಮ ಸನ್ನಣಕ್ಕೆ, ಅದೇ ನಮ್ಮ ಇಡ್ಲಿಯ ಹಾಗಿನದ್ದಕ್ಕೆ, ಕಳಿ ಹಾಕಿ ಎಷ್ಟು ಮೆತ್ತಗೆ ಮಾಡ್ತಿದ್ದಳು! ಅವನು ಬರುವಾಗ ಆ ಬಾಲ್ದಿಯ ತಳದ್ದು ಸ್ವಲ್ಪ ಹೆಪ್ಪಿಗೆ ತರಲಿಕ್ಕೆ ಹೇಳು. ಬಾರ್ಲಿ ನೀರು ಅಂತಲೇ ಹೇಳು, ನಾನೂ ಹಾಗೇ ಹೇಳ್ತೇನೆ."