ಅಪ್‌ಗ್ರೇಡ್ ಮಾಡಿ ಎಂದು ಕೊಟ್ಟರೆ ಸಿ ಡ್ರೈವನ್ನೇ ಅಳಿಸಿಬಿಡುವುದೇ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಕೊನೆಗೊಂಡ ಮೇಲೆ ನಾನೂ ವಿಂಡೋಸ್ 11 ಹಾಕಿಸಲು ನಿರ್ಧರಿಸಿ, ನಮ್ಮ ಬಡಾವಣೆಯ ಸರ್ವಿಸ್ ಅಂಗಡಿಯೊಂದಕ್ಕೆ ಕಂಪ್ಯೂಟರ್ ಕೊಟ್ಟೆ. ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಎಲ್ಲವೂ ಹೊಂದುತ್ತಿದ್ದವು; ಹಳೆಯದರ ಮೇಲೆಯೇ ಅಪ್‌ಗ್ರೇಡ್ ಮಾಡಲು ಯಾವ ಅಡ್ಡಿಯೂ ಇರಲಿಲ್ಲ. ಸೆಟ್ಟಿಂಗ್, ಪ್ರೋಗ್ರಾಂ ಯಾವುದೂ ಹೋಗಬಾರದೆಂದು ಅವರ ಜಾಬ್ ಶೀಟಿನಲ್ಲೇ ಬರೆಸಿದ್ದೆ. ಹೀಗಿದ್ದೂ ಅವರು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ, ಎಲ್ಲವನ್ನೂ ಹೊಸದಾಗಿ ಹಾಕಿ ಕೊಟ್ಟಿದ್ದಾರೆ.

ಕೇಳಿದರೆ, "ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲ ಡಿ ಡ್ರೈವ್‌ಗೆ ಹಾಕಿದ್ದೇವಲ್ಲ, ಏನೂ ಹೋಗಿಲ್ಲ" ಎನ್ನುತ್ತಾರೆ. ಹೋಗಿರುವುದು ಅಲ್ಲಿ ಇರಲೇ ಇಲ್ಲ. ವರ್ಡ್‌ನ ಆಟೋಕರೆಕ್ಟ್ ಪಟ್ಟಿ, ನಾನೇ ಸೇರಿಸುತ್ತ ಬಂದ ಪದಗಳ ಕಸ್ಟಮ್ ಡಿಕ್ಷನರಿ, ಮ್ಯಾಕ್ರೋಗಳು (ಹಲವು ತಿದ್ದುಪಡಿಗಳನ್ನು ಒಂದೇ ಬಾರಿಗೆ ಮಾಡುವ ಪುಟ್ಟ ಆದೇಶಸರಣಿಗಳು) ಇರುವ ನಾರ್ಮಲ್ ಟೆಂಪ್ಲೇಟ್ ಇವೆಲ್ಲ ಇರುವುದು ಆ್ಯಪ್‌ಡೇಟಾ ಎಂಬ ಫೋಲ್ಡರಿನಲ್ಲಿ. ಅದು ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಅಡಗಿರುತ್ತದೆ ಎಂಬುದು ನಿತ್ಯ ಇದೇ ಕೆಲಸ ಮಾಡುವವರಿಗೆ ಗೊತ್ತಿರಬೇಡವೇ?

ನನ್ನದು ಕರಡು ತಿದ್ದುವ ಕೆಲಸ. ಪ್ರಕಾಶಕರಿಂದ ಇವತ್ತಿಗೂ ಹಳೆಯ ನುಡಿ ಫಾಂಟಿನ ಕಡತಗಳು ಬರುತ್ತವೆ, ಅವನ್ನು ಈಗಿನ ಸಾರ್ವತ್ರಿಕ ಅಕ್ಷರಸಂಕೇತವಾದ ಯುನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು ಅಕ್ಷರ ಬಿಟ್ಟು ಅಕ್ಷರಕ್ಕೆ ಹಾರಿ ಕೂರುತ್ತದೆ, ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಇಂಥ ತಪ್ಪುಗಳನ್ನು ಒಂದೊಂದಾಗಿ ಗುರುತಿಸಿ, ಅವುಗಳನ್ನು ಸರಿಪಡಿಸಲು ವರ್ಷಗಳಿಂದ ಬರೆದಿಟ್ಟಿದ್ದ ಮ್ಯಾಕ್ರೋಗಳಲ್ಲಿ ಈಗ ಒಂದೂ ಇಲ್ಲ. ಫಾಂಟುಗಳೂ ಹೋಗಿದ್ದರಿಂದ, ಮೊದಲ ಕಡತ ತೆರೆದಾಗ ಕನ್ನಡವಿದ್ದ ಜಾಗದಲ್ಲೆಲ್ಲ ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳೇ ಕಂಡವು. ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಪಳಗಿದ ಬೆರಳುಗಳಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಎದುರಾಯಿತು. ನುಡಿ ತಂತ್ರಾಂಶ ಉಚಿತ, ಮತ್ತೆ ಹಾಕಿಕೊಂಡೆ. ಮ್ಯಾಕ್ರೋಗಳನ್ನು ಯಾರು ತಂದುಕೊಡುತ್ತಾರೆ?

ನನಗೆ ಹೊಟ್ಟೆ ಉರಿಯುವುದು ಇದಕ್ಕೆ: ಸರಿಯಾದ ದಾರಿ ಇದಕ್ಕಿಂತ ಸುಲಭವಾಗಿತ್ತು. ಹಳೆಯ ವಿಂಡೋಸ್ ಚಾಲೂ ಇರುವಾಗಲೇ ಸೆಟಪ್ ಓಡಿಸಿದ್ದರೆ ಫೈಲುಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊಳ್ಳಬೇಕೇ ಎಂದು ಅದೇ ಕೇಳುತ್ತದೆ, ಹಳೆಯ ವ್ಯವಸ್ಥೆಯನ್ನು ವಿಂಡೋಸ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಇಟ್ಟು, ಹಿಂದಿರುಗಲು 10 ದಿನಗಳ ಅವಕಾಶವನ್ನೂ ಕೊಡುತ್ತದೆ. ಫಾರ್ಮ್ಯಾಟ್ ಮಾಡಿದ ಡ್ರೈವಿನಲ್ಲಿ ಅದಕ್ಕೂ ಅವಕಾಶವಿಲ್ಲ. "ಫ್ರೆಶ್ ಆಗಿ ಹಾಕಿದರೆ ಸ್ಪೀಡ್ ಇರುತ್ತೆ ಸರ್" ಎಂದು ನನಗೇ ಪಾಠ ಹೇಳಿದರು. ನಾನು ಕೇಳಿದ್ದು ವೇಗವನ್ನಲ್ಲ, ಮತ್ತು ಅದನ್ನು ಅವರ ಕೈಯಲ್ಲೇ ಬರೆಸಿದ್ದೆ. ಒಂದು ಫೋನ್ ಮಾಡಿ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಲು ಇವರಿಗಿದ್ದ ತೊಂದರೆಯಾದರೂ ಏನು? ಆ ಜಾಬ್ ಶೀಟಿನ ಪ್ರತಿ ನನ್ನ ಬಳಿ ಇದೆ. ಕೊಟ್ಟ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕೆಂದು ಅದರೊಂದಿಗೇ ಲಿಖಿತವಾಗಿ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.