ಬಚ್ಚಲ ನೀರಿಗೊಂದು ಒಡ್ಡು

ಶಾವರ್ ಬಂದಮೇಲೆ ನಮ್ಮ ಕೊಪ್ಪಳದ ಕಡೆಯ ಬಚ್ಚಲುಮನೆಗಳು ಕೆಟ್ಟವು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಮೂಲೆಯ ಬಚ್ಚಲಗಲ್ಲಿನ ಮೇಲೆ ಕೂತು ಚರಿಗೆಯಿಂದ ಸುರಿದುಕೊಳ್ಳುತ್ತಿದ್ದೆವು. ನೆತ್ತಿಯಿಂದ ನೆಲಕ್ಕೆ ಎರಡೂವರೆ ಅಡಿ. ನೀರಿಗೆ ಹಾರಾಡಲು ಪುರುಸೊತ್ತೇ ಇರುತ್ತಿರಲಿಲ್ಲ. ಈಗ ನಿಂತು ಮೀಯುತ್ತೇವೆ. ಮೇಲಿನಿಂದ ಬಿದ್ದದ್ದು ಹೆಗಲಿಗೆ, ಮೊಣಕೈಗೆ ಬಡಿದು ಬಾಗಿಲವರೆಗೂ ಸಿಡಿಯುತ್ತದೆ. ಕಾಲೊರಸು ತೊಯ್ದು ತೊಪ್ಪೆ. ಆಮೇಲೆ ಕಮೋಡಿಗೆ ಹೋಗುವವರು ಪೈಜಾಮ ಎತ್ತಿ ಹಿಡಿದು ಹಳ್ಳ ದಾಟಬೇಕು.

ಗೌಂಡಿಯನ್ನು ಕೇಳಿ ನೋಡಿ: ‘ಸ್ಲೋಪ್ ಬರೋಬ್ಬರಿ ಕೊಟ್ಟೀನ್ರೀ ಸರ, ನೀರು ತಾನ ಹೋಗತೈತಿ.’ ಹೋಗುತ್ತದೆ, ಎತ್ತ ಎಂದು ಮಾತ್ರ ಅವನು ಹೇಳುವುದಿಲ್ಲ. ಅಡಿಗೆ ಕಾಲಿಂಚು ಇಳಿಜಾರು ಬೇಕು. ಆರಡಿಯ ಬಚ್ಚಲಿಗೆ ಒಂದೂವರೆ ಇಂಚಾಯಿತು. ಎರಡಡಿ ಚೌಕದ ದೊಡ್ಡ ಟೈಲ್ಸ್ ಹಾಕಿ ನಾಲ್ಕೂ ಕಡೆಯಿಂದ ನೀರು ಹೊರಹೋಗುವ ಒಂದೇ ಜಾಲಿಗೆ ಇಳಿಸುವುದು ಕಷ್ಟದ ಕೆಲಸ. ಸಣ್ಣ, ಒರಟು ಟೈಲ್ಸಾದರೆ ಇಳಿಜಾರಿಗೆ ಬಗ್ಗುತ್ತವೆ, ಕಾಲೂ ಜಾರುವುದಿಲ್ಲ. ಆದರೆ ಅಂಗಡಿಯಲ್ಲಿ ಮನೆಮಂದಿಯ ಕಣ್ಣು ಹೋಗುವುದು ಕನ್ನಡಿಯಂತೆ ಹೊಳೆಯುವುದರ ಮೇಲೇ. ಕೂಲಿ ಚುಕ್ತಾ ಮಾಡುವ ಮೊದಲು ಒಂದು ಕೊಡ ನೀರು ಸುರುವಿ ನೋಡುವವರು ಜಾಣರು.

ನಮ್ಮ ಮುನಿರಾಬಾದಿನ ತುಂಗಭದ್ರಾ ಡ್ಯಾಮಿಗೆ 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ, ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆ ಇಳಿಸಿ ಸುಮಾರು ಒಂದು ವಾರದಲ್ಲಿ ತಡೆದರು. ಅಂಥ ತುಂಗಭದ್ರೆಯನ್ನು ನಿಲ್ಲಿಸಿದ ಸೀಮೆಯವರು ಬಚ್ಚಲ ನೀರಿಗೆ ಸೋಲುವುದೆಂದರೆ ಮರ್ಯಾದೆಯ ಪ್ರಶ್ನೆ.

ಟೈಲ್ಸ್ ಒಡೆಯುವ ಧೈರ್ಯವಿಲ್ಲದವರಿಗೆ ಗ್ರಾನೈಟ್ ಪಟ್ಟಿಯೇ ಗತಿ. ಇಂಚೆತ್ತರದ ತುಂಡನ್ನು ಶಾವರಿನ ಜಾಗಕ್ಕೆ ಅಡ್ಡಲಾಗಿ ಸಿಲಿಕಾನ್ ಹಚ್ಚಿ ಕೂರಿಸಬೇಕು. ಅದಕ್ಕೆ ಮೊದಲು ಜಾಲಿ ಎಲ್ಲಿದೆ ನೋಡಿ. ಬಾಡಿಗೆ ಮನೆಗಳಲ್ಲಿ ಅದು ವಾಷ್‌ಬೇಸಿನ್ ಕೆಳಗಿನ ಮೂಲೆಯಲ್ಲಿ ಅವಿತಿರುತ್ತದೆ. ಅಂಥ ಕಡೆ ಶಾವರಿಗೆ ಒಡ್ಡು ಕಟ್ಟಿದರೆ ನಿಮ್ಮ ಪಾದಕ್ಕೊಂದು ಕೆರೆ. ಪರದೆ ಹಾಕುವುದಾದರೆ ಅದರ ಅಂಚು ಪಟ್ಟಿಯ ಒಳಬದಿಗೇ ಇಳಿಯಬೇಕು. ಹೊರಗೆ ಬಿಟ್ಟರೆ ಪರದೆ ಗುಂಟ ಇಳಿದ ನೀರೆಲ್ಲ ಹೊರಗೆ. ಇನ್ನು ಬಿಸಿನೀರು ಬಿಟ್ಟೊಡನೆ ಪರದೆ ಮೈಗೆ ಅಂಟಿಕೊಳ್ಳಲು ಬರುತ್ತದಲ್ಲ, ಅದರ ಕಾರಣದ ಒಂದು ಪಾಲನ್ನಾದರೂ ವಿವರಿಸಿದ ಡೇವಿಡ್ ಶ್ಮಿಟ್ ಎಂಬವರಿಗೆ 2001ರಲ್ಲಿ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ, ಕೊಟ್ಟರು. ನಮಗೆ ಪರದೆಯ ಬುಡಕ್ಕೆ ನಾಲ್ಕು ನಟ್ಟು ಕಟ್ಟಿ ಭಾರ ಮಾಡಿದರೆ ಸಾಕು.

ಇಷ್ಟಾದರೂ ಬಾಗಿಲು ತೊಯ್ಯುತ್ತಿದ್ದರೆ ಶಾವರಿನ ಮೂತಿ ನೋಡಿ. ಬೋರಿನ ಸೌಳು ನೀರು ಬಿಳಿ ಚಕ್ಕೆ ಕಟ್ಟಿ ಅರ್ಧ ತೂತು ಮುಚ್ಚಿರುತ್ತದೆ. ಉಳಿದವು ಸಿಟ್ಟಿಗೆದ್ದು ಒಂದು ಗೋಡೆಗೆ, ಒಂದು ಚಿಲಕಕ್ಕೆ ಅಡ್ಡಡ್ಡ ಚಿಮ್ಮುತ್ತವೆ. ವಿನೆಗರೋ ನಿಂಬೆರಸವೋ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮೂತಿಗೆ ಕಟ್ಟಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಚಕ್ಕೆ ಪುಡಿಪುಡಿಯಾಗಿ ಉದುರುತ್ತದೆ.

ಅವ್ವನಿಗೆ ಇದ್ಯಾವುದೂ ಬೇಕಿಲ್ಲ. ಅದೇ ಶಾವರಿನ ಕೆಳಗೆ ಬಕೆಟ್ ಇಟ್ಟು, ಪ್ಲಾಸ್ಟಿಕ್ ಮಣೆ ಹಾಕಿಕೊಂಡು ಚರಿಗೆಯಲ್ಲೇ ಜಳಕ. ಅವಳ ನಂತರ ಹೋದವರ ಚಪ್ಪಲಿ ಒಣಗಿಯೇ ಇರುತ್ತದೆ. ಪಟ್ಟಿ ಎಡವಿದಾಗ ಮಾತ್ರ, ‘ಯಾವನಪಾ ಇದನ್ನ ಇಟ್ಟಾಂವ?’ ಎಂದು ಓಣಿಗೆಲ್ಲ ಕೇಳುವಂತೆ ವಿಚಾರಿಸುತ್ತಾಳೆ.